ಬೀದಿಗೆ ಬಂದ ತಂಪು

ಸುಗಟೂರಿನಲ್ಲಿ ಯಾರ ಮನೆಗೆ ಯಾರು ಬೇಕಾದರೂ ಹೇಳದೆ ಕೇಳದೆ ನುಗ್ಗಬಹುದು. ಅಡುಗೆಮನೆಗೇ ಹೋಗಿ ಸಾರಿನ ಮುಚ್ಚಳ ತೆಗೆದು, ಅಂಗೈ ಮೇಲೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿ, ಉಪ್ಪು ಕಮ್ಮಿ ಅಂತ ಹೇಳಿ ಬಂದರೂ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ರೇಷ್ಮೆಹುಳ ಸಾಕಿರುವ ಕೋಣೆಯ ಹೊಸ್ತಿಲು ಮಾತ್ರ ದಾಟುವಂತಿಲ್ಲ. ಬೇರೆಯವರ ಕಣ್ಣು ಬಿದ್ದರೆ ಹುಳಕ್ಕೆ ದೃಷ್ಟಿ; ಬೀಡಿ, ಅತ್ತರು, ಒಗ್ಗರಣೆ ಇವುಗಳ ವಾಸನೆ ತಾಗಿದರೂ ಕೇಡು. ಹಿಂದೊಮ್ಮೆ ತಾಲ್ಲೂಕಿನ ದೊಡ್ಡ ಸಾಹೇಬರೊಬ್ಬರು ಬಂದು "ಒಂದು ಸಲ ನೋಡಿ ಹೋಗ್ತೀನಿ" ಅಂದಾಗ, ಹುಳ ಸಾಕುವ ಭಾರತಮ್ಮ ಆ ಸಾಹೇಬರನ್ನು ಜಗಲಿಯ ಮೇಲೆ ಕೂರಿಸಿ, ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟು, ಕೋಣೆಯ ಚಿಲಕ ಹಾಕಿಬಿಟ್ಟಿದ್ದಳು. ಸಾಹೇಬರು ಮಜ್ಜಿಗೆ ಕುಡಿದು ಹೋದರು.

ಅವಳ ಗಂಡ ಆವಲಪ್ಪನಿಗೂ ಆ ಕೋಣೆಗೆ ಪ್ರವೇಶ ಸಲೀಸಾಗಿರಲಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಬಾಗಿಲಲ್ಲಿ ಇಳಿಸುವುದು ಅವನ ಕೆಲಸ. ಉಳಿದ ಹೊತ್ತಿನಲ್ಲಿ ಟೀ ಅಂಗಡಿಯಲ್ಲಿ ಕೂತು ಊರಿಗೆ ಬುದ್ಧಿ ಹೇಳುವುದು ಅವನೇ ವಹಿಸಿಕೊಂಡ ಕೆಲಸ. ಮನುಷ್ಯ ಕೆಟ್ಟವನಲ್ಲ. ಯಾವುದೇ ವಿಷಯವನ್ನು ಅರ್ಧ ಕೇಳುತ್ತಿದ್ದ, ಇನ್ನರ್ಧವನ್ನು ತಾನೇ ತುಂಬಿಕೊಳ್ಳುತ್ತಿದ್ದ, ಅಷ್ಟೆ. ತುಂಬಿಕೊಂಡ ಅರ್ಧದ ಬಗ್ಗೆಯೇ ಅವನಿಗೆ ಧೈರ್ಯ ಜಾಸ್ತಿ.

ಎಂಬತ್ತನಾಲ್ಕನೇ ಇಸವಿಯ ಏಪ್ರಿಲ್ಲು. ರೇಷ್ಮೆ ಇಲಾಖೆಯ ಶ್ರೀರಾಮಪ್ಪ ಎಂಬುವರು ಬಿಳಿ ಗೂಡು ಕಟ್ಟುವ ಹೊಸ ತಳಿಯ ಮೊಟ್ಟೆ ತಂದಿದ್ದರು. ಊರಿಗೆಲ್ಲ ಒಂದೇ ಮನೆಗೆ. ಇಪ್ಪತ್ತು ವರ್ಷದಿಂದ ಹುಳ ಸಾಕಿದವಳು ಭಾರತಮ್ಮ, ಆದರೆ ಮೊಟ್ಟೆಯ ಚೀಟಿ ಬರುತ್ತಿದ್ದದ್ದು ಆವಲಪ್ಪನ ಹೆಸರಿಗೆ. ಈ ಸಲ ಶ್ರೀರಾಮಪ್ಪನವರು, "ಕೆಲಸ ಮಾಡೋರು ನೀವು ತಾನೇನಮ್ಮಾ?" ಅಂತ ಕೇಳಿ, ಚೀಟಿಯನ್ನು ಭಾರತಮ್ಮನ ಹೆಸರಿಗೇ ಬರೆದರು. ಬೆಳೆ ಕೈಗೆ ಬಂದರೆ ಮುಂದಿನ ಮೊಟ್ಟೆಯೂ ಅವಳ ಹೆಸರಿಗೇ. ಸುತ್ತಮುತ್ತಲ ಹಳ್ಳಿಯ ಹೆಂಗಸರಿಗೆ ಕಲಿಸುವುದಕ್ಕೂ ಅವಳೇ. ಬೆಳೆ ಕೆಟ್ಟರೆ ಈ ಊರಿಗೆ ಹೊಸ ತಳಿ ಇಲ್ಲ, ಹಳೇ ಹಳದಿ ಗೂಡೇ ಗತಿ. ಓದು ಬಾರದ ಭಾರತಮ್ಮ ಆ ಚೀಟಿಯನ್ನು ಮೂರು ಜನರ ಕೈಲಿ ಬೇರೆ ಬೇರೆಯಾಗಿ ಓದಿಸಿದಳು. ಮೂವರೂ ಅದೇ ಹೆಸರು ಓದಿದ ಮೇಲೆ ಮಡಿಸಿ ದೇವರ ಪಟದ ಹಿಂದೆ ಇಟ್ಟಳು.

"ಒಂದೇ ತೊಂದ್ರೆ. ಈ ಹುಳ ಸೆಕೆ ತಡಿಯಲ್ಲ. ಕೋಣೆ ಇಪ್ಪತ್ತಾರು ಡಿಗ್ರಿ ಮೀರಬಾರದು," ಅಂತ ಶ್ರೀರಾಮಪ್ಪನವರು ಒಂದು ಥರ್ಮಾಮೀಟರನ್ನು ಗೋಡೆಗೆ ತೂಗುಹಾಕಿ ಹೋದರು. ಬಾಗಿಲು ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿ, ಗಂಟೆಗೊಮ್ಮೆ ನೀರು ಚಿಮುಕಿಸುವುದು ಭಾರತಮ್ಮನಿಗೆ ಹೊಸದಲ್ಲ. ಅವಳು ಅದೇ ಯೋಚನೆಯಲ್ಲಿದ್ದಳು. ಆವಲಪ್ಪನ ಯೋಚನೆ ಬೇರೆ ಇತ್ತು.

"ಗೋಣಿತಾಟು ಕಟ್ಟೋ ಕಾಲ ಹೋಯ್ತು ಕಣಯ್ಯ. ನಮ್ಮನೆ ಹುಳ ಇನ್ನು ಊಟೀಲಿ ಬೆಳೀತವೆ," ಅಂತ ಟೀ ಅಂಗಡಿಯಲ್ಲಿ ಘೋಷಿಸಿ, ಬೆಂಗಳೂರಿನ ಬಸ್ಸು ಹತ್ತಿದ. ಯಾರೋ ಫಾರಿನ್ ಎಂಜಿನಿಯರು ತನ್ನ ದೇಶಕ್ಕೆ ಹೊರಟು ಬಂಗಲೆಯ ಸಾಮಾನು ಹರಾಜು ಹಾಕುತ್ತಿದ್ದ ಸುದ್ದಿ ಅವನಿಗೆ ಸಿಕ್ಕಿತ್ತು. ಎರಡು ದಿನ ಬಿಟ್ಟು, ಗೋಡೆಗೆ ಕೂರಿಸುವ ಒಂದು ಏರ್ ಕಂಡೀಶನ್ ಪೆಟ್ಟಿಗೆಯನ್ನು ಲಾರಿಯಲ್ಲಿ ತಂದು ಇಳಿಸಿದ. ಎತ್ತಲು ನಾಲ್ಕು ಜನ ಬೇಕಾಯಿತು. ನೋಡಲು ಇಡೀ ಊರೇ ಬಂತು. ಹುಳ ನಾಲ್ಕನೇ ಸಲ ಪೊರೆ ಬಿಡಲು ಮಲಗಿದ್ದಾಗಲೇ, ಬೀದಿ ಕಡೆಯ ಕಿಟಕಿ ಕಿತ್ತು ಪೆಟ್ಟಿಗೆ ಕೂರಿಸಿದ್ದಾಯಿತು. ಮೂತಿ ಕೋಣೆಯೊಳಗೆ, ಬೆನ್ನು ಬೀದಿಗೆ.

ಮೂತಿಯ ಮೇಲೆ ಒಂದೇ ತಿರುಪು. ಅಕ್ಷರ ಯಾವ ದೇಶದ್ದೋ, ಓದಲು ಬಾರದು. ತಿರುಪಿನ ಒಂದು ಕಡೆ ಸೂರ್ಯನ ಚಿತ್ರ, ಇನ್ನೊಂದು ಕಡೆ ಆರು ಮೂಲೆಯ ನಕ್ಷತ್ರದಂಥ ಚಿತ್ರ. ಆವಲಪ್ಪ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ನೋಡಿದ.

"ನೋಡಿದ್ಯಾ, ಎಷ್ಟು ಸಲೀಸು ಮಾಡವ್ನೆ ಪುಣ್ಯಾತ್ಮ! ಓದು ಬರದೋರಿಗೂ ತಿಳೀಬೇಕು ಅಂತ. ಸೂರ್ಯ ಹಗಲಿಗೆ, ನಕ್ಷತ್ರ ರಾತ್ರಿಗೆ. ಬೆಳಗಾಗ್ತಲೂ ಸೂರ್ಯನ ಕಡೆ ತಿರುಗಿಸ್ತೀನಿ, ದೀಪ ಹಚ್ಚೋ ಹೊತ್ಗೆ ನಕ್ಷತ್ರದ ಕಡೆ. ನೀನು ಮುಟ್ಟಬೇಡ, ಫಾರಿನ್ ಸಾಮಾನು."

ಹಿಮ ಬೀಳುವ ದೇಶದಲ್ಲಿ ಹುಟ್ಟಿದವನಿಗೆ ಆ ನಕ್ಷತ್ರ ಏನೆಂದು ತಿಳಿಯುತ್ತಿತ್ತು. ಸುಗಟೂರಿನಲ್ಲಿ ಹುಟ್ಟಿ ನಲವತ್ತೈದು ಬೇಸಗೆ ಕಂಡವನಿಗೆ ನಕ್ಷತ್ರ ಅಂದರೆ ನಕ್ಷತ್ರವೇ. ಅವನ ತಪ್ಪನ್ನು ನಾನು ಅಷ್ಟು ದೊಡ್ಡದು ಮಾಡುವುದಿಲ್ಲ. ಆದರೆ ಹೆಂಡತಿ ಕಟ್ಟಿದ್ದ ಗೋಣಿತಾಟನ್ನೆಲ್ಲ "ಮಿಷನ್‌ಗೆ ಅವಮಾನ" ಅಂತ ಕಿತ್ತು ಎಸೆದನಲ್ಲ, ಅದಕ್ಕೆ ಮಾತ್ರ ಕ್ಷಮೆಯಿಲ್ಲ.

ಹುಳ ಎದ್ದ ಬೆಳಿಗ್ಗೆ ಆವಲಪ್ಪ ಮಿಂದು, ತಿರುಪನ್ನು ಸೂರ್ಯನ ಕಡೆಗೆ ತಿರುಗಿಸಿದ. ಪೆಟ್ಟಿಗೆ ಗುರ್ರೆಂದಿತು. ಹತ್ತು ನಿಮಿಷಕ್ಕೆಲ್ಲ ಬೀದಿಯಲ್ಲಿ ಗದ್ದಲ. ಎದುರು ಮನೆಯ ಅಜ್ಜಿ ಮುನಿಯಲ್ಲಮ್ಮ ಪೆಟ್ಟಿಗೆಯ ಬೆನ್ನಿನ ಮುಂದೆ ನಿಂತು, ಸೆರಗು ಹಾರಿಸಿಕೊಳ್ಳುತ್ತಾ ತೆಲುಗು ಬೆರೆಸಿ ಕೂಗುತ್ತಿದ್ದಳು.

"ಏಮಿರಾ ಆವಲಪ್ಪಾ, ಇದೇಮಿ ಗಾಳಿರಾ! ತಿರುಪತಿ ಬೆಟ್ಟದ ಮೇಲೂ ಇಂಥ ಗಾಳಿ ಇಲ್ಲಪ್ಪೋ!"

ಪಕ್ಕದ ಮನೆಯ ಸೊಣ್ಣಪ್ಪ ಅಂಗಿ ಬಿಚ್ಚಿ ಬೆನ್ನು ಕೊಟ್ಟು ನಿಂತ. "ಲೇ ಆವಲಾ, ಬೀದೀಲೇ ಇಷ್ಟು ತಣ್ಣಗಿದ್ರೆ ಒಳಗೆ ಹೆಂಗಿರಬೇಕೋ!"

"ಒಳಗಾ?" ಆವಲಪ್ಪ ನಕ್ಕ. "ಒಳಗೆ ತುಂಬಿ ಮಿಕ್ಕಿದ್ದು ಕಣೋ ನಿಮ್ಗೆ ಬರ್ತಾ ಇರೋದು."

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಎರಡು ಮಂಚ, ಒಂದು ಬೆಂಚು, ಇಸ್ಪೀಟು ಆಟ. ಒಳಗೆ ಭಾರತಮ್ಮ ಬೆವರಿನಿಂದ ತೊಯ್ದು ಹೋಗಿದ್ದಳು. ಥರ್ಮಾಮೀಟರು ಮೂವತ್ತಾರಕ್ಕೆ ಏರಿತ್ತು. ಪೆಟ್ಟಿಗೆ ನಡುನಡುವೆ ಧಡ್ ಎಂದು ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಗುತ್ತಿತ್ತು. ದಣಿವು ಆರಿಸಿಕೊಳ್ಳುತ್ತದೆ ಎಂದು ಆವಲಪ್ಪನ ವಿವರಣೆ.

"ಏನಂದ್ರೆ, ಒಳಗೆ ಒಲೆ ಮುಂದೆ ಕೂತಂಗದೆ. ಹುಳ ಸೊಪ್ಪು ಮುಟ್ತಾ ಇಲ್ಲ, ತಲೆ ಎತ್ಕೊಂಡು ಸುಮ್ನೆ ಅವೆ," ಅಂದಳು ಭಾರತಮ್ಮ, ಬಾಗಿಲ ಸಂದಿಯಿಂದ.

"ಮೆತ್ತಗೆ ಮಾತಾಡೇ! ಬೀದಿಗೆ ಕೇಳಿಸ್ತದೆ."

"ಥರ್ಮಾಮೀಟ್ರು ನೋಡಿ."

ಆವಲಪ್ಪ ಥರ್ಮಾಮೀಟರನ್ನು ಗೋಡೆಯಿಂದ ಬಿಚ್ಚಿ ಅನುಮಾನದಿಂದ ನೋಡಿದ. ಸರ್ಕಾರ ಪುಕ್ಕಟೆ ಕೊಟ್ಟದ್ದು, ಸರಿಯಾಗಿರಲು ಕಾರಣವಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಅದನ್ನು ಬೀದಿಗೆ ತಂದು, ಎಲ್ಲರೆದುರಿಗೆ ಪೆಟ್ಟಿಗೆಯ ಬೆನ್ನಿಗೆ ಹಿಡಿದ. ಪಾದರಸ ಇಳಿಯಿತು. ಮೂವತ್ತು, ಇಪ್ಪತ್ತೇಳು, ಇಪ್ಪತ್ತನಾಲ್ಕು. ಬೀದಿ ಚಪ್ಪಾಳೆ ತಟ್ಟಿತು. ಆವಲಪ್ಪ ಒಳಗೆ ಹೋಗಿ ಹೆಂಡತಿಗೆ ಹೇಳಿದ, "ಇಪ್ಪತ್ತನಾಲ್ಕು ಅದೆ, ಹತ್ತು ಜನ ನೋಡವ್ರೆ. ನಿಂಗೆ ಭ್ರಮೆ."

ಭಾರತಮ್ಮನಿಗೆ ಅಳು ಬಂತು, ಅಳಲಿಲ್ಲ. ಹತ್ತು ಜನ ಬೀದಿಯಲ್ಲಿ ನೋಡಿದ್ದಾರೆ. ಒಳಗೆ ನೋಡುತ್ತಿರುವವಳು ಅವಳೊಬ್ಬಳೇ. ಒಬ್ಬಳ ಮಾತಿಗೆ ಬೆಲೆಯೇನು?

ಸಂಜೆಗೆ ತಿರುಪು ನಕ್ಷತ್ರಕ್ಕೆ ಹೋಯಿತು. ಬೆಳಿಗ್ಗೆ ಮುನಿಯಲ್ಲಮ್ಮ ಕೆಂಪು ಕಣ್ಣು ಮಾಡಿಕೊಂಡು ಬಂದಳು. "ಏನೋ ಇದು ನಿನ್ನ ಮಿಷನ್ನು, ಹಗಲೆಲ್ಲ ತಣ್ಣಗಿದ್ದು, ತಣ್ಣಗೆ ಮಲಗಾಣ ಅಂತ ಮಂಚ ಹಾಕಿದ್ರೆ ರಾತ್ರಿಯೆಲ್ಲ ಬಿಸಿ ಊದ್ತು! ನನ್ನ ಬೇಯಿಸಿಬಿಡ್ತಲ್ಲೋ!"

"ರಾತ್ರಿ ಹುಳ ಚೆನ್ನಾಗಿ ಸೊಪ್ಪು ತಿಂದ್ವು," ಅಂದಳು ಭಾರತಮ್ಮ, ತನಗೇ ಹೇಳಿಕೊಂಡಂತೆ. "ಕೋಣೆ ತಣ್ಣಗಿತ್ತು."

"ರಾತ್ರಿ ಯಾವಾಗ್ಲೂ ತಣ್ಣಗೇ ಇರ್ತದೆ," ಅಂತ ಆವಲಪ್ಪ ಇಬ್ಬರಿಗೂ ಒಂದೇ ಉತ್ತರ ಕೊಟ್ಟು, ತಿರುಪನ್ನು ಸೂರ್ಯನಿಗೆ ತಿರುಗಿಸಿದ.

ಹೀಗೆ ಮೂರು ಹಗಲು. ಕೊನೆಯ ಹಂತದ ಹುಳಕ್ಕೆ ಏಳೆಂಟು ದಿನವೇ ಆಯುಸ್ಸು. ಆ ದಿನಗಳಲ್ಲಿ ತಿಂದಷ್ಟೇ ಗೂಡು. ಮೂರನೇ ಸಂಜೆ ಭಾರತಮ್ಮ ಹುಳ ಸಾಕುವ ದೊಡ್ಡ ಬಿದಿರು ತಟ್ಟೆಯೊಂದನ್ನು ತಂದು ಗಂಡನ ಮುಂದೆ ಇಟ್ಟಳು. ಹುಳ ಸಪ್ಪೆಯಾಗಿ, ಮುಟ್ಟಿದರೆ ಅಲುಗದೆ ಬಿದ್ದಿದ್ದವು. ನಾಲ್ಕನೇ ಬೆಳಿಗ್ಗೆ ಆವಲಪ್ಪ ತಿರುಪನ್ನು ಮತ್ತೆ ಸೂರ್ಯನಿಗೆ ತಿರುಗಿಸಿ, ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಕೋಲಾರಕ್ಕೆ ಹೋಗಿ, ಫ್ರಿಜ್ ರಿಪೇರಿಯ ಆಂಜಿನಪ್ಪನನ್ನು ಕರೆತಂದ.

ಆಂಜಿನಪ್ಪ ಒಳ್ಳೆಯ ಕೆಲಸಗಾರ. ಆದರೆ ಮೈಯೆಲ್ಲ ಅತ್ತರು, ಕಿವಿಯಲ್ಲಿ ಬೀಡಿ. ಭಾರತಮ್ಮ ಬಾಗಿಲಿಗೆ ಅಡ್ಡ ನಿಂತಳು. "ಒಳಗೆ ಬಿಡಕ್ಕಾಗಲ್ಲಪ್ಪ, ಹುಳ ಅವೆ. ಹೊರಗಿಂದ್ಲೇ ನೋಡು."

ಹೊರಗಿನಿಂದಲೇ ನೋಡಿದ. ಬೀದಿಯ ಇಸ್ಪೀಟು ನಿಂತಿತು. ಆಂಜಿನಪ್ಪ ಪೆಟ್ಟಿಗೆಯ ಬೆನ್ನಿಗೆ ಕೈಯೊಡ್ಡಿ, ತಲೆದೂಗಿದ. "ಆಹಾ, ಏನ್ ಕೂಲಿಂಗ್ ಸಾರ್! ಫಸ್ಟ್ ಕ್ಲಾಸ್! ಏನು ಕಂಪ್ಲೇಂಟು?"

ಹತ್ತು ಜನ ಆವಲಪ್ಪನ ಬಾಯಿಯನ್ನೇ ನೋಡುತ್ತಿದ್ದರು. ಆವಲಪ್ಪ ಆಂಜಿನಪ್ಪನ ಕಿವಿಯ ಹತ್ತಿರ ಬಾಗಿ, ಬೀಡಿಗೆ ಹೇಳುವಂತೆ ಹೇಳಿದ, "ಒಳಗೆ... ಸ್ವಲ್ಪ ಬೆಚ್ಚಗದೆ."

"ಏನು? ಒಳಗೆ ಬಿಸಿನಾ?" ಆಂಜಿನಪ್ಪನದು ದೊಡ್ಡ ಗಂಟಲು. "ಹಂಗಾದ್ರೆ ತಂಪೆಲ್ಲ ಬೀದಿಗೆ ಬರ್ತಾ ಅದೆ ಸಾರ್! ಬಿಚ್ಚಿ ಹಿಂದುಮುಂದಾಗಿ ಕೂರಿಸಬೇಕು!"

ತನ್ನ ತಂಪಿಗೆ ಕುತ್ತು ಬಂತೆಂದು ಬೀದಿಗೆ ಈಗ ಅರ್ಥವಾಯಿತು. ಅರ್ಥವಾದ ಕೂಡಲೇ ಅದು ಎದ್ದು ನಿಂತಿತು. "ಬಿಚ್ಚೋದಾ? ಯಾರಪ್ಪಾ ಬಿಚ್ಚೋನು?" ಅಂದ ಸೊಣ್ಣಪ್ಪ. "ಮೂರು ದಿವ್ಸದಿಂದ ನಮ್ಮಪ್ಪ ಇಲ್ಲೇ ಮಲಗವ್ನೆ, ಕೆಮ್ಮು ನಿಂತದೆ. ಬಿಚ್ಚೋದಾದ್ರೆ ಪಂಚಾಯ್ತಿ ಸೇರಿಸು." ಇನ್ನೊಬ್ಬರು ಮದುವೆ ಮಾತುಕತೆಗೆ ನಾಳೆ ಬೀಗರನ್ನು ಇಲ್ಲಿಗೇ ಬರಹೇಳಿದ್ದರು. ಆವಲಪ್ಪ ನಡುವೆ ನಿಂತು ಎಲ್ಲರಿಗೂ "ಹೌದು ಹೌದು" ಅನ್ನುತ್ತಿದ್ದ.

ಆಗ ಬಾಗಿಲು ಪೂರ್ತಿ ತೆರೆಯಿತು. ಭಾರತಮ್ಮ ತಲೆಯ ಮೇಲೆ ಹುಳದ ತಟ್ಟೆ ಹೊತ್ತು ಬೀದಿಗೆ ಬಂದಳು.

ಅವಳು ಮುನಿಯಲ್ಲಮ್ಮನ ಮಂಚದ ಮೇಲೆ, ತಣ್ಣನೆ ಗಾಳಿಯ ನೇರಕ್ಕೆ ತಟ್ಟೆ ಇಳಿಸಿ, ನೊಣ ಕೂರದಂತೆ ಹಳೇ ಸೀರೆಯ ತುಂಡು ಹೊದಿಸಿದಳು. "ತಂಪು ಬೀದೀಲಿದ್ರೆ ಹುಳಾನೂ ಬೀದೀಲೇ ಇರ್ಲಿ," ಅಂದಳು. "ದೃಷ್ಟಿ ಆದ್ರೆ ಆಗ್ಲಿ. ಒಳಗೆ ಹೆಂಗೂ ಸಾಯ್ತವೆ." ಇನ್ನೊಂದು ತಟ್ಟೆಗೆ ಒಳಗೆ ಹೋದಳು.

ಮೊದಲು ಕಣ್ಣು ಮುಚ್ಚಿದವಳು ಮುನಿಯಲ್ಲಮ್ಮ. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, "ಲೇ, ಯಾರೂ ನೋಡಬೇಡ್ರೋ! ಗೋಡೆ ಕಡೆ ತಿರುಗ್ರೋ!" ಅಂತ ಕೂಗಿದಳು. ಸೊಣ್ಣಪ್ಪ ಬೀಡಿಯನ್ನು ಚರಂಡಿಗೆ ಎಸೆದು ಗೋಡೆಗೆ ಮುಖ ಮಾಡಿದ. ಬೆಂಚು, ಮಂಚ ಎಲ್ಲ ಖಾಲಿಯಾದವು. ಆ ಮಧ್ಯಾಹ್ನ ಸುಗಟೂರಿಗೆ ಹೊಸಬರು ಯಾರಾದರೂ ಬಂದಿದ್ದರೆ, ಒಂದು ಬೀದಿಯ ಜನರೆಲ್ಲ ಗೋಡೆಗಳಿಗೆ ಮೂಗು ಅಂಟಿಸಿ ಸಾಲಾಗಿ ನಿಂತಿರುವುದನ್ನು ಕಂಡು ಬಸ್ಸಿಗೆ ವಾಪಸ್ಸು ಹೋಗುತ್ತಿದ್ದರು. ಗಂಡ ಹೆಂಡತಿ ಮೂವತ್ತು ತಟ್ಟೆ ಹೊತ್ತು ತಂದರು. ಹೊಸ ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಹುಳ ಮೇಯುವ ಸದ್ದು ಕೇಳಿಸಿತು. ಗೋಡೆಯ ಕಡೆಯಿಂದ ಸೊಣ್ಣಪ್ಪ ಮೆಲ್ಲಗೆ, "ತಿಂತಾ ಅವೆ ಕಣಕ್ಕಾ," ಅಂದ.

ಕೋಣೆ ಖಾಲಿಯಾದ್ದರಿಂದ ಆಂಜಿನಪ್ಪನಿಗೆ ಒಳಗೆ ಹೋಗಲು ಈಗ ಅಡ್ಡಿಯಿರಲಿಲ್ಲ. ಆವಲಪ್ಪ ಹಿಂದೆಯೇ ಹೋದ. ಆಂಜಿನಪ್ಪ ತಿರುಪು ನೋಡಿದ, ಆವಲಪ್ಪನ ಮುಖ ನೋಡಿದ.

"ಸಾರ್, ಇದನ್ನ ಸೂರ್ಯನ ಕಡೆ ಯಾಕಿಟ್ಟಿದೀರಿ?"

"ಹಗಲಲ್ವಾ?"

"ಸೂರ್ಯ ಅಂದ್ರೆ ಬಿಸಿ ಸಾರ್. ಚಳಿಗಾಲದಾಗೆ ಕೋಣೆ ಬೆಚ್ಚಗೆ ಮಾಡಕ್ಕೆ. ಒಳಗಡೆಗೆ ಬಿಸಿ, ಹೊರಗಡೆಗೆ ತಂಪು. ಇದು ನಕ್ಷತ್ರ ಅಲ್ಲ, ಮಂಜುಗಡ್ಡೆ ಹರಳು. ತಂಪಿಗೆ."

"ಮಂಜುಗಡ್ಡೆ ಹಿಂಗಿರ್ತದಾ?" ಆವಲಪ್ಪ ಆ ಚಿತ್ರದ ಮೇಲೆ ಬೆರಳಿಟ್ಟ. "ಕೋಲಾರದಾಗೆ ಐಸ್‌ಕ್ಯಾಂಡಿ ಡಬ್ಬದಾಗೆ ಬೇಕಾದಷ್ಟು ನೋಡಿದೀನಿ ಕಣಯ್ಯ. ಒಂದ್ಕೂ ಆರು ಮೂಲೆ ಇರ್ಲಿಲ್ಲ!"

ಆಂಜಿನಪ್ಪ ತಿರುಪನ್ನು ಆ ಕಡೆ ತಿರುಗಿಸಿದ. ಪೆಟ್ಟಿಗೆ ಒಮ್ಮೆ ನಿಟ್ಟುಸಿರು ಬಿಟ್ಟು, ಒಳಗೆ ತಣ್ಣಗೆ ಬೀಸತೊಡಗಿತು. ಹೊರಗೆ ಬೀದಿ ಚೀರಿತು. "ಬಿಸಿ! ಬಿಸಿ ಬಂತು! ತಟ್ಟೆ ತೆಗೀರೋ!" ಮೂವತ್ತು ತಟ್ಟೆ ಮತ್ತೆ ಒಳಕ್ಕೆ. ಈ ಸಲ ಗೋಡೆಯ ಕಡೆಯಿದ್ದವರೂ ಕಣ್ಣು ಅರ್ಧ ಮುಚ್ಚಿಕೊಂಡು ಕೈಹಾಕಿದರು. ಸೊಣ್ಣಪ್ಪ ಬಾಗಿಲಿಗೆ ಹಣೆ ಗುದ್ದಿಕೊಂಡ.

"ಏನಾಗಿತ್ತಪ್ಪಾ ಮಿಷನ್‌ಗೆ?" ಎಂದು ಎಲ್ಲರೂ ಕೇಳಿದಾಗ, ಆಂಜಿನಪ್ಪ ಆವಲಪ್ಪನ ಮುಖ ನೋಡಿ ಮರುಗಿದ. "ಒಳಗೊಂದು ವಾಲ್ವು ಹಿಡ್ಕೊಂಡಿತ್ತು. ದೊಡ್ಡ ಕೆಲ್ಸ," ಅಂದ. ಆವಲಪ್ಪ ಅವನನ್ನು ಬಸ್ಸಿನವರೆಗೂ ಬಿಟ್ಟು ಬಂದ. ಮಾನ ಉಳಿಯಿತು ಎಂದುಕೊಂಡ.

ಉಳಿದದ್ದು ನಾಲ್ಕು ದಿನ. ಮೂವತ್ತು ತಟ್ಟೆಯಲ್ಲಿ ಒಂಬತ್ತು ತಟ್ಟೆಯ ಹುಳ ಸಪ್ಪೆ ರೋಗದಲ್ಲಿ ಹೋದವು. ಮೂರು ಹಗಲ ಬೇಗೆಗೆ ಆಗಲೇ ಸೋತಿದ್ದ ಹುಳಗಳು ಅವು. ಆದರೆ ಊರಿಗೆ ನೆನಪಿದ್ದದ್ದು ಬೇಗೆಯಲ್ಲ, ಬೀದಿ. "ಹುಳಾನ ಬೀದಿಗೆ ತರ್ತಾರಾ? ಎಷ್ಟು ಕಣ್ಣು ಮುಚ್ಚಿದ್ರೂ ಒಂದೆರಡು ತೆರೆದೇ ಇರ್ತವೆ," ಅಂತ ಬಾವಿಕಟ್ಟೆಯಲ್ಲಿ ಶುರುವಾದ ಮಾತು ಟೀ ಅಂಗಡಿಗೆ ಬಂತು. ಟೀ ಅಂಗಡಿಯಲ್ಲಿ ಆವಲಪ್ಪ ಇದ್ದ. ಅವನು ಟೀ ಕುಡಿದ.

ಎಂಟನೇ ದಿನ, ಉಳಿದ ಹುಳ ಹಣ್ಣಾಗಿ ಗೂಡು ಕಟ್ಟಲು ಎದ್ದಿದ್ದ ಹೊತ್ತಿಗೆ, ಶ್ರೀರಾಮಪ್ಪನವರು ಪುಸ್ತಕ ಹಿಡಿದು ಬಂದರು. ಜಗಲಿಯಲ್ಲಿ ಕೂತರು. ಭಾರತಮ್ಮ ಒಳಗೆ ಹಣ್ಣು ಹುಳ ಆಯ್ದು, ಗೂಡು ಕಟ್ಟುವ ಚಂದ್ರಿಕೆಗಳ ಮೇಲೆ ಬಿಡುತ್ತಿದ್ದಳು. ಬಾಗಿಲು ಓರೆಯಾಗಿತ್ತು. ಬೀದಿಯ ಜನ ಸುತ್ತ ನಿಂತಿದ್ದರು.

"ಒಂಬತ್ತು ತಟ್ಟೆ ಹೋಯ್ತು ಅಂತೀರಿ. ಕಾರಣ ಬರೀಬೇಕಲ್ಲ," ಅಂದರು ಶ್ರೀರಾಮಪ್ಪ.

"ಬೀದಿಗೆ ತಂದಿದ್ಲು ಸಾರ್," ಅಂತ ಹಿಂದಿನಿಂದ ಯಾರೋ ಅಂದರು. "ನಮ್ಮ ಕಡೆ ಹಂಗೆ ತರಂಗಿಲ್ಲ."

"ಬಿಸಿಲಲ್ಲಿ, ಧೂಳಲ್ಲಿ?" ಶ್ರೀರಾಮಪ್ಪನವರು ಕನ್ನಡಕ ಸರಿಮಾಡಿಕೊಂಡರು. "ಹಂಗಾದ್ರೆ ತಪ್ಪು ಸಾಕಿದವರದೇ. ಇಂಥೋರಿಗೆ ಮತ್ತೆ ಮೊಟ್ಟೆ ಕೊಡಿ ಅಂತ ನಾನು ಹೆಂಗೆ ಬರೀಲಿ?" ಪೆನ್ನಿನ ಮುಚ್ಚಳ ತೆಗೆದರು.

ಒಳಗೆ ಹುಳ ಬಿಡುತ್ತಿದ್ದ ಕೈ ನಿಂತಿತು. ಓರೆ ಬಾಗಿಲಿನಿಂದ ಅದು ಆವಲಪ್ಪನಿಗೆ ಕಂಡಿತು. ವಾಲ್ವಿನ ಕಥೆಯನ್ನು ಅವಳು ಒಂದು ದಿನವೂ ನಂಬಿರಲಿಲ್ಲ, ನಂಬಿಲ್ಲವೆಂದು ಒಬ್ಬರಿಗೂ ಹೇಳಿರಲಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಜೀವಮಾನದಲ್ಲಿ ಆಗದಷ್ಟು ನಾಚಿಕೆಯಾಯಿತು.

"ಬರೀಬೇಡಿ ಸಾರ್," ಅಂದ.

"ಯಾಕ್ರೀ?"

"ವಾಲ್ವೂ ಇಲ್ಲ ಏನೂ ಇಲ್ಲ. ಮಿಷನ್ ಮೇಲೆ ಸೂರ್ಯ ಇತ್ತು. ನಾನು ಹಗಲು ಅಂದ್ಕೊಂಡೆ. ಅದು ಬಿಸಿ ಅಂತೆ. ಮೂರು ಹಗಲು ಹುಳಾನ ನಾನೇ ಬೇಯಿಸಿದ್ದು. ಅವ್ಳು ಹೇಳಿದ್ಲು, ನಾನು ಕೇಳ್ಲಿಲ್ಲ. ಬೀದಿಗೆ ತಂದಿದ್ದಕ್ಕೇ ಇಪ್ಪತ್ತೊಂದು ತಟ್ಟೆ ಉಳೀತು. ಬರ್ಕೊಳಿ. ನನ್ನ ಹೆಸರು ಆವಲಪ್ಪ, ಕಾಗುಣಿತ ನೋಡ್ಕೊಂಡು ಬರ್ಕೊಳಿ."

ಸೊಣ್ಣಪ್ಪ ಮುಂದೆ ಬಂದು, "ಹಂಗಾದ್ರೆ ಲೇ, ಆ ನಕ್ಷತ್ರ?" ಅಂದ.

"ಐಸು."

ಬೀದಿ ಬಿದ್ದು ಬಿದ್ದು ನಕ್ಕಿತು. ಸೊಣ್ಣಪ್ಪ ಜಗಲಿ ಹಿಡಿದುಕೊಂಡು ಕೂತ. ಮುನಿಯಲ್ಲಮ್ಮ, "ನನ್ನೂ ಬೇಯಿಸಿದ್ನಲ್ಲಪ್ಪೋ," ಅಂತ ಕಣ್ಣೊರೆಸಿಕೊಂಡಳು. ಶ್ರೀರಾಮಪ್ಪನವರು ನಗುತ್ತಲೇ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: ಸಾಕಿದವರು ಭಾರತಮ್ಮ, ಕೆಲಸ ಉತ್ತಮ, ಮುಂದಿನ ಬೆಳೆಗೂ ಇದೇ ತಳಿಯ ಮೊಟ್ಟೆ ಕೊಡಬಹುದು. ಆವಲಪ್ಪನ ಹೆಸರನ್ನು ಅವರು ಬರೆದುಕೊಳ್ಳಲೇ ಇಲ್ಲ. ಅದಕ್ಕೆ ಪುಸ್ತಕದಲ್ಲಿ ಜಾಗ ಇರಲಿಲ್ಲವಂತೆ.

ಜನ ಚದುರಿದ ಮೇಲೆ ಭಾರತಮ್ಮ ಬಾಗಿಲಿಗೆ ಬಂದು ನಿಂತಳು. ಅತ್ತಿದ್ದಳೋ ನಕ್ಕಿದ್ದಳೋ, ಕಣ್ಣಂತೂ ಒದ್ದೆಯಾಗಿತ್ತು.

"ಇಷ್ಟು ಮಾತು ಹೇಳಕ್ಕೆ ಎಂಟು ದಿವ್ಸ ಬೇಕಾಯ್ತಾ ನಿಮ್ಗೆ?"

ಆವಲಪ್ಪ ತಲೆ ಕೆರೆದುಕೊಂಡ. "ಆ ಮಿಷನ್ ರಿಪೇರಿ ಆಗಕ್ಕೇ ನಾಲ್ಕು ದಿವ್ಸ ಹಿಡೀತು ಕಣೇ. ನಾನು ಅದಕ್ಕಿಂತ ಹಳೇ ಮಾಡಲ್ಲು."